ತಾಳಕ್ಕೆ ಕೂರುವ ಮಕ್ಕಳು: ಕೋಲಾರ ಸೀಮೆಯ ಎಲ್‌ಕೆಜಿಯಲ್ಲಿ ರೈಮ್ಸಿನ ಕೆಲಸ

ಜೂನ್ ತಿಂಗಳ ಮೊದಲ ವಾರಗಳಲ್ಲಿ ಎಲ್‌ಕೆಜಿ ಮಿಸ್‌ಗಳು ಪಾಠ ಮಾಡುವುದಿಲ್ಲ, ಅಳು ನಿಲ್ಲಿಸುತ್ತಾರೆ. ಒಂದು ಮಗು ಕಿಟಕಿಯ ಸರಳು ಹಿಡಿದು ಅಮ್ಮನನ್ನು ಕರೆಯುತ್ತಿರುತ್ತದೆ, ಇನ್ನೊಂದು ಡಬ್ಬಿ ತೆರೆದು ಚಿತ್ರಾನ್ನ ಚೆಲ್ಲಿಕೊಂಡಿರುತ್ತದೆ, ಮತ್ತೊಂದು ಪಕ್ಕದವನ ಬಳಪ ಕಿತ್ತುಕೊಂಡಿರುತ್ತದೆ. ಅಲ್ಲಿ ಮಿಸ್ ಕೂಗಿದರೆ ಗದ್ದಲಕ್ಕೆ ಇನ್ನೊಂದು ದನಿ ಸೇರಿತು, ಅಷ್ಟೇ. ಬದಲಿಗೆ ಎರಡು ಕೈಯೆತ್ತಿ ಚಪ್ಪಾಳೆ ತಟ್ಟಿ ಎಲ್ಲರಿಗೂ ಬರುವ ಒಂದು ರೈಮ್ ಶುರು ಮಾಡಿದರೆ, ನೋಡನೋಡುತ್ತ ಪುಟ್ಟ ಕೈಗಳು ಅವರ ಕೈಯ ಹಿಂದೆ ಹೋಗುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಾನ್ವೆಂಟುಗಳಲ್ಲಿ (ಈ ಕಡೆ ಇಂಗ್ಲಿಷ್ ಮಾಧ್ಯಮದ ಶಾಲೆಗೆಲ್ಲ ಅದೇ ಹೆಸರು, ಸಿಸ್ಟರ್‌ಗಳು ಇರಲಿ ಬಿಡಲಿ) ಇದು ದಿನಬೆಳಗಾದರೆ ನಡೆಯುವ ಉಪಾಯ. ಇದರಿಂದ ಇಂಗ್ಲಿಷ್ ಎಷ್ಟು ಬರುತ್ತದೆ, ಶಿಸ್ತು ಎಷ್ಟು ಬರುತ್ತದೆ, ಎರಡರ ಭಾರವನ್ನೂ ಒಂದೇ ಹಾಡಿನ ತಲೆಗೆ ಹೊರಿಸುವುದು ಎಷ್ಟು ಸರಿ ಎಂಬುದನ್ನು ಮಾತ್ರ ಯಾರೂ ಕೂತು ಕೇಳಿಕೊಂಡಂತಿಲ್ಲ.

ಮೊದಲು ಆ ಮಕ್ಕಳು ಯಾರೆಂದು ನೋಡಬೇಕು. ಕೋಲಾರ ಜಿಲ್ಲೆ ಆಂಧ್ರಕ್ಕೂ ತಮಿಳುನಾಡಿಗೂ ಅಂಟಿಕೊಂಡಿದೆ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಪಟ್ಟಣಗಳ ಮೊಹಲ್ಲಾಗಳಲ್ಲಿ ಉರ್ದು. ಹೊಸೂರಿಗೆ ಮುಖ ಮಾಡಿದ ಮಾಲೂರಿನ ಅಂಚಿನಲ್ಲಿ ತಮಿಳೂ ಕಿವಿಗೆ ಬೀಳುತ್ತದೆ. ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. 1983ರ ಜ್ಞಾನಪೀಠ ಅವರಿಗೆ ಬಂದದ್ದು ಕನ್ನಡದ ಬರಹಕ್ಕೆ. ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಎಂಬುದು ಈ ಸೀಮೆಗೆ ಹೊಸ ಕಷ್ಟವೇನಲ್ಲ. ಕನ್ನಡವೇ ಎರಡನೆಯ ಭಾಷೆಯಾಗಿರುವ ಮಗುವಿಗೆ ಮೂರೂವರೆ ವರ್ಷಕ್ಕೇ ಮೂರನೆಯದು ಬಂದು ಕೂತಿರುವುದು ಹೊಸದು. ಮಿಸ್ 'ಸಿಟ್ ಡೌನ್' ಎಂದಾಗ ಆ ಮಗು ಅರ್ಥ ಮಾಡಿಕೊಂಡು ಕೂರುವುದಿಲ್ಲ. ಪಕ್ಕದವನು ಕೂತದ್ದನ್ನು ನೋಡಿ ಕೂರುತ್ತದೆ. ರೈಮ್ಸ್ ಫಲಿಸುವುದೂ ಇದೇ ದಾರಿಯಲ್ಲಿ. ಮಾತು ತಿಳಿಯದಿದ್ದರೂ ತಾಳ ತಿಳಿಯುತ್ತದೆ, ಕೈಯ ಸನ್ನೆ ತಿಳಿಯುತ್ತದೆ, ಹತ್ತು ಜನರ ಜೊತೆ ತಾನೂ ಇದ್ದೇನೆಂಬ ಧೈರ್ಯ ಬರುತ್ತದೆ. ತರಗತಿಯನ್ನು ಹಿಡಿದಿಡುವ ಶಕ್ತಿ ಇರುವುದು ಈ ಮೂರರಲ್ಲಿ. ಹಾಡು ಇಂಗ್ಲಿಷಿನದು ಎಂಬುದರಿಂದ ಅದಕ್ಕೆ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ.

ಆ ಮೂರನೆಯ ಭಾಷೆ ಇಷ್ಟು ಬೇಗ ಬಂದ ಕಥೆ ಎಲ್ಲರಿಗೂ ಗೊತ್ತಿರುವುದೇ. 2007-08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಹೇರುವ ಅಧಿಕಾರ ರಾಜ್ಯಕ್ಕಿಲ್ಲ ಎಂದಿತು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳು ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದವು. ಕರ್ನಾಟಕ ಪಬ್ಲಿಕ್ ಶಾಲೆಗಳಿಗೆ ಎಲ್‌ಕೆಜಿ, ಯುಕೆಜಿ ಬಂದವು. ಕೋರ್ಟು, ಸರ್ಕಾರ ಏನೇ ಹೇಳಲಿ, ಊರಿನವರ ಲೆಕ್ಕ ಬೇರೆ. ನರಸಾಪುರದಲ್ಲಿ ಹೋಂಡಾದ ಸ್ಕೂಟರ್ ಕಾರ್ಖಾನೆ ಇದೆ, ಐಫೋನ್ ಜೋಡಿಸುವ ಟಾಟಾ ಕಾರ್ಖಾನೆ ಇದೆ. ನಸುಕಿನಲ್ಲಿ ಕಂಪನಿ ಬಸ್ಸು ಹತ್ತುವ ತಾಯಿ, ಇಂಗ್ಲಿಷ್ ಬಂದವರು ಮೇಜಿನ ಮುಂದೆ ಕೂರುವುದನ್ನೂ ಬಾರದವರು ಇಡೀ ಪಾಳಿ ನಿಂತೇ ಕೆಲಸ ಮಾಡುವುದನ್ನೂ ಕಣ್ಣಾರೆ ಕಂಡವಳು. ಅವಳ ಮಗ ಸಂಜೆ ಒಂದು ರೈಮ್ ಒಪ್ಪಿಸಿದರೆ, ಕಟ್ಟಿದ ಫೀಸಿಗೆ ರಸೀದಿ ಸಿಕ್ಕಿದಂತೆ. ಶಾಲೆಗಳಿಗೂ ಇದು ಚೆನ್ನಾಗಿ ಗೊತ್ತು. ಹಾಗಾಗಿ ಒಂದೇ ಹಾಡು ಬೆಳಗ್ಗೆ ಮಕ್ಕಳನ್ನು ಕೂರಿಸಬೇಕು, ಮಧ್ಯಾಹ್ನ ಇಂಗ್ಲಿಷ್ ಕಲಿಸಬೇಕು, ಸಂಜೆ ಮನೆಯವರನ್ನು ಒಪ್ಪಿಸಬೇಕು.

ಹುಟ್ಟಿದಾಗ ಈ ಹಾಡುಗಳಿಗೆ ಇಷ್ಟೆಲ್ಲ ಕೆಲಸ ಇರಲಿಲ್ಲ. ನಮ್ಮ ಎಲ್‌ಕೆಜಿಗಳ ಮೊದಲ ಪಾಠವಾಗಿರುವ ನಕ್ಷತ್ರದ ಹಾಡು ಜೇನ್ ಟೇಲರ್ 1806ರಲ್ಲಿ ಅಚ್ಚು ಹಾಕಿಸಿದ ಕವಿತೆ. ಅದರ ಧಾಟಿ ಅದಕ್ಕೂ ಹಳೆಯದಾದ ಫ್ರೆಂಚ್ ಹಾಡಿನದು. ಮೇರಿಯ ಕುರಿಮರಿ ಅಮೆರಿಕದ ಸಾರಾ ಹೇಲ್ 1830ರಲ್ಲಿ ಬರೆದದ್ದು. ನಕ್ಷತ್ರದ ಹಾಡು ಮನೆಯೊಳಗಿನ ಓದಿಗೆ ಇತ್ತು. ಹಾಡಿಗೆ ಬೆರಳಾಟ ಕೂಡಿಸಿ ಅದನ್ನು ಪಾಠದ ಸಲಕರಣೆಯಾಗಿ ಮಾಡಿದವನು ಜರ್ಮನಿಯ ಫ್ರೋಬೆಲ್. 1837ರಲ್ಲಿ ಶುರುಮಾಡಿದ ತನ್ನ ಮಕ್ಕಳ ಶಾಲೆಗೆ 1840ರಲ್ಲಿ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಅವನು, 1844ರಲ್ಲಿ ತಾಯಂದಿರಿಗಾಗಿ ಬೆರಳಾಟದ ಹಾಡುಗಳ ಪುಸ್ತಕ ತಂದ. ಕನ್ನಡದಲ್ಲಿ ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಇಬ್ಬರೂ ಮೇಷ್ಟರೇ. ಇಬ್ಬರೂ ಮಕ್ಕಳು ಕುಣಿದು ಹಾಡುವಂಥದನ್ನೇ ಬರೆದರು, ನಮ್ಮ ಶಾಲೆಗಳು ಅದಕ್ಕೆ ಅಭಿನಯ ಗೀತೆ ಎಂದು ಹೆಸರಿಟ್ಟವು. ಅದಕ್ಕೂ ಹಿಂದೆ ಕೂಲಿಮಠದ ಐಗಳು ಮಗ್ಗಿಯನ್ನು ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದರು. ಬಾಯಿಗೆ ಬರಲಿ ಎನ್ನುವುದು ಒಂದು ಕಾರಣವಾದರೆ, ಬಾಯಿ ಕೆಲಸದಲ್ಲಿದ್ದರೆ ಕೈ ಚೇಷ್ಟೆ ಮಾಡುವುದಿಲ್ಲ ಎನ್ನುವುದು ಇನ್ನೊಂದು. ಗುಂಪನ್ನು ದನಿಯಿಂದ ಹಿಡಿಯುವ ವಿದ್ಯೆಯನ್ನು ನಾವು ಇಂಗ್ಲಿಷಿನಿಂದ ಕಲಿಯಬೇಕಾಗಿರಲಿಲ್ಲ.

ಈ ಸೀಮೆಯಲ್ಲಂತೂ ಹಾಡಿಗೆ ಬರವಿಲ್ಲ. ತೆಲುಗು ಮನೆಗಳಲ್ಲಿ ಅಂಗೈಗೆ ಅಂಗೈ ತಟ್ಟುವ ಚೆಮ್ಮಚೆಕ್ಕ, ಕನ್ನಡದ ಮನೆಗಳಲ್ಲಿ ಅವಲಕ್ಕಿಯ ಹೆಸರು ಹಿಡಿದು ಬೆರಳೆಣಿಸುವ ಆಟ, ಕಣ್ಣಾಮುಚ್ಚಾಲೆಯ ಹಾಡು. ಕೋಲಾರದ ಬಳಿಯ ತೇರಹಳ್ಳಿ ಬೆಟ್ಟದಲ್ಲಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮದಲ್ಲಿ ಹುಣ್ಣಿಮೆಯ ರಾತ್ರಿ 'ಹುಣ್ಣಿಮೆ ಹಾಡು' ನಡೆದರೆ ಮಕ್ಕಳೂ ದೊಡ್ಡವರೂ ಒಟ್ಟಿಗೆ ಕೂರುತ್ತಾರೆ. ಇಷ್ಟಿದ್ದೂ ಎಲ್‌ಕೆಜಿಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮಗು ತನ್ನ ಹಾಡನ್ನೂ ಅಲ್ಲೇ ಬಿಟ್ಟು ಒಳಗೆ ಹೋಗಬೇಕಾಗಿ ಬಂದಿದೆ. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ದಡ್ಡತನವಾಗಿ ಕಾಣುವುದು ಇದು.

ಯಾಕೆಂದರೆ ಸಂಶೋಧನೆಗಳು ಹೇಳುವುದೂ ಆ ಕಡೆಗೇ ಬೆರಳು ತೋರಿಸುತ್ತದೆ. ಶಿಶುಗೀತೆ ಹೇಳಿದ ಮಕ್ಕಳು ಬೇಗ ಓದುತ್ತಾರೆ ಎಂದು ಶಾಲೆಗಳ ಜಾಹೀರಾತು ಹೇಳುವಾಗ ಅದರ ಬೆನ್ನಿಗಿರುವುದು ಆಕ್ಸ್‌ಫರ್ಡಿನಲ್ಲಿ ಪೀಟರ್ ಬ್ರೈಂಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಮಾಡಿದ ಅಧ್ಯಯನ. ಮೂರು ವರ್ಷ ದಾಟಿದ 64 ಮಕ್ಕಳನ್ನು ಆರು ವರ್ಷ ದಾಟುವವರೆಗೆ ಹಿಂಬಾಲಿಸಿದ ಅವರು, ಮೊದಲೇ ಹೆಚ್ಚು ಶಿಶುಗೀತೆ ಬಲ್ಲ ಮಕ್ಕಳಿಗೆ ಮಾತಿನ ದನಿಗಳನ್ನು ಬಿಡಿಸಿ ಕೇಳುವುದು ಸುಲಭ, ಮುಂದೆ ಓದುವುದೂ ಸುಲಭ ಎಂದು ತೋರಿಸಿದರು. ಆದರೆ ಅವು ಇಂಗ್ಲಿಷ್ ಮನೆಗಳ ಮಕ್ಕಳು; ಅವರು ಕಲಿತದ್ದು ಅಜ್ಜಿ ತಾಯಿ ಹೇಳಿದ, ತಮ್ಮದೇ ಮಾತಿನ ಹಾಡು. ಅದನ್ನು ಶ್ರೀನಿವಾಸಪುರ ಕಡೆಯ ರಾಯಲ್ಪಾಡಿಗೆ ಸರಿಯಾಗಿ ಹೊಂದಿಸಿ ಹೇಳುವುದಾದರೆ, ತೆಲುಗು ಮಗುವಿನ ಕಿವಿ ತಯಾರಾಗುವುದು ತೆಲುಗು ಹಾಡಿನಿಂದ. ಎಡಿನ್‌ಬರೊದಲ್ಲಿ ಹಂಗೇರಿಯನ್ ನುಡಿಗಟ್ಟುಗಳನ್ನು ಹಾಡಿ ಕಲಿತವರಿಗೆ ಹೆಚ್ಚು ನೆನಪು ಉಳಿಯಿತು ಎಂಬ 2014ರ ಅಧ್ಯಯನವನ್ನೂ ಬಹಳ ಜನ ಎತ್ತಿ ಆಡುತ್ತಾರೆ. ಅಲ್ಲಿ ಕಲಿತವರು ದೊಡ್ಡವರು, ಕಲಿತದ್ದು ಅರ್ಥ ಗೊತ್ತಿದ್ದ ನುಡಿಗಳು. ಕನ್ನಡದ ಅಕ್ಷರ ಕಲಿಕೆಯ ಬಗ್ಗೆ ಬೆಂಗಳೂರಿನ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಕೆಲಸ ನಮಗೆ ಹತ್ತಿರದ್ದು. ಕನ್ನಡ ಓದುವ ಮಕ್ಕಳ ಕಿವಿಗೆ ಮೊದಲು ಸಿಗುವುದು ಉಚ್ಚಾರದ ಇಡೀ ತುಣುಕು. ಅದರೊಳಗಿನ ಬಿಡಿ ದನಿ ಸಿಗುವುದು ನಿಧಾನ. ಇಂಗ್ಲಿಷ್ ಪ್ರಾಸ ನಿಂತಿರುವುದು ಪದದ ಕೊನೆಯ ಸ್ವರ ಮತ್ತು ಅದರ ಹಿಂದೆಯೇ ಬರುವ ವ್ಯಂಜನದ ಮೇಲೆ. ಸ್ವರದಲ್ಲಿ ಮುಗಿಯುವ ಪದಗಳಿಗೆ ಒಗ್ಗಿದ ನಾಲಗೆ ಅದನ್ನು 'ಕ್ಯಾಟು', 'ಹ್ಯಾಟು' ಎಂದು ತನ್ನ ದಾರಿಗೆ ತಂದುಕೊಳ್ಳುತ್ತದೆ. ನಾನು ಇದನ್ನು ತಪ್ಪೆಂದು ತಿದ್ದುವ ಪಕ್ಷದವನಲ್ಲ. ನಾಲ್ಕು ವರ್ಷದ ಮಗುವಿನ ಉಚ್ಚಾರಣೆಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಶಾಲೆಗೆ ಬೇರೆ ಕೆಲಸವಿಲ್ಲ ಎಂದೇ ಅರ್ಥ.

ಚಿಂತೆ ಮಾಡಬೇಕಾದದ್ದು ಒಕ್ಕೊರಲು ಬಚ್ಚಿಡುವುದರ ಬಗ್ಗೆ. ಮೂವತ್ತು ಮಕ್ಕಳು ಒಟ್ಟಿಗೆ ಹೇಳುವಾಗ ಹತ್ತು ಮಕ್ಕಳು ಹೇಳುತ್ತಿರುತ್ತವೆ, ಹತ್ತು ಕೊನೆಯ ಪದ ಮಾತ್ರ ಹಿಡಿಯುತ್ತವೆ, ಉಳಿದ ಹತ್ತು ತುಟಿ ಆಡಿಸುತ್ತವೆ. ಮಿಸ್‌ಗೆ ಕೇಳುವುದು ಮೊದಲ ಹತ್ತರ ದನಿ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ, ಜಗತ್ತಿನಾದ್ಯಂತ 'ಬೆಂಗಳೂರು ಪ್ರಾಜೆಕ್ಟ್' ಎಂದು ಹೆಸರಾದ ಪ್ರಯೋಗ ಹುಟ್ಟಿದ್ದೇ ಈ ಅಸಮಾಧಾನದಿಂದ. ಒಂದೇ ವಾಕ್ಯವನ್ನು ತರಗತಿ ಪೂರ್ತಿ ಸಾರಿ ಸಾರಿ ಹೇಳುವುದರಿಂದ ಭಾಷೆ ಬರುವುದಿಲ್ಲ. ದಾರಿ ಹುಡುಕುವುದೋ ವೇಳಾಪಟ್ಟಿ ಓದುವುದೋ, ಮನಸ್ಸು ಒಂದು ಕೆಲಸದ ಅರ್ಥದಲ್ಲಿ ಮುಳುಗಿದ್ದಾಗ ಭಾಷೆ ತಾನಾಗಿ ಹತ್ತುತ್ತದೆ ಎಂಬುದು ಅವರ ವಾದ. ಅವರ ವಿದ್ಯಾರ್ಥಿಗಳು ಎಲ್‌ಕೆಜಿಯವರಲ್ಲ, ದೊಡ್ಡ ಮಕ್ಕಳು. ಆದರೂ ಮಾತು ಇಲ್ಲಿಗೂ ಸಲ್ಲುತ್ತದೆ.

ಅದಕ್ಕಿಂತ ಹತ್ತಿರದ ಪ್ರಯೋಗ ಶ್ರೀನಿವಾಸಪುರ ತಾಲ್ಲೂಕಿನೊಳಗೇ ನಡೆದಿದೆ, ಮತ್ತು ಈ ಜಿಲ್ಲೆಯವರೇ ಅದನ್ನು ಹೆಚ್ಚುಕಡಿಮೆ ಮರೆತಿದ್ದಾರೆ. ಡೇವಿಡ್ ಹಾರ್ಸ್‌ಬರೊ ಎಂಬ ಇಂಗ್ಲಿಷಿನವರು ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದವರು. ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಯಲ್ಲಿ ಪಾಠ ಹೇಳಿದರು, ಬ್ರಿಟಿಷ್ ಕೌನ್ಸಿಲ್ಲಿನಲ್ಲೂ ಬೆಂಗಳೂರಿನ ಅದೇ ಇಂಗ್ಲಿಷ್ ಸಂಸ್ಥೆಯಲ್ಲೂ ಕೆಲಸ ಮಾಡಿದರು. ದೇಶಕ್ಕೆಲ್ಲ ಇಂಗ್ಲಿಷ್ ಕಲಿಸುವ ಬಗೆ ಹೇಳಿಕೊಡಬಲ್ಲ ಆ ಮನುಷ್ಯ ಅದನ್ನು ಬಿಟ್ಟು, 1972ರಲ್ಲಿ ರಾಯಲ್ಪಾಡಿನ ಬಳಿ ನೀಲ್‌ಬಾಗ್ ಎಂಬ ಪುಟ್ಟ ಶಾಲೆ ಕಟ್ಟಿದರು. ಬಂದವರು ಸುತ್ತಲ ಹಳ್ಳಿಗಳ ಬಡವರ ಮಕ್ಕಳು. ವಯಸ್ಸಿಗೊಂದು ತರಗತಿ ಎಂಬುದಿರಲಿಲ್ಲ. ದೊಡ್ಡವರು ಚಿಕ್ಕವರು ಒಂದೇ ಕೋಣೆಯಲ್ಲಿ ತಮ್ಮ ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದರು. ಪರೀಕ್ಷೆ ಇಲ್ಲ, ಪೈಪೋಟಿ ಇಲ್ಲ, ಶಿಕ್ಷೆ ಇಲ್ಲ, ಬಹುಮಾನವೂ ಇಲ್ಲ. ಮರಗೆಲಸ, ಕುಂಬಾರಿಕೆ, ತೋಟದ ಕೆಲಸ ಓದಿನಷ್ಟೇ ಮುಖ್ಯ. ಒಂದಕ್ಕಿಂತ ಹೆಚ್ಚು ಭಾಷೆ, ಒಂದಕ್ಕಿಂತ ಹೆಚ್ಚು ಭಾಷೆಯ ಹಾಡು ಅಲ್ಲಿನ ದಿನಚರಿಯೊಳಗಿದ್ದವು.

ನೀಲ್‌ಬಾಗಿನಲ್ಲಿ ಹಾಡು ಇತ್ತು. ಮಕ್ಕಳನ್ನು ಸುಮ್ಮನಾಗಿಸುವ ಹಾಡು ಬೇಕಾಗಿರಲಿಲ್ಲ. ಎಲ್ಲರೂ ಒಂದೇ ಹಲಗೆಗೆ ಮುಖ ಮಾಡಿ ಒಂದೇ ಕೆಲಸವನ್ನು ಒಂದೇ ಹೊತ್ತಿಗೆ ಮಾಡಬೇಕಾದ ಏರ್ಪಾಟಿದ್ದರೆ ಮಾತ್ರ, ಒಂದು ಮಗು ಎದ್ದು ಹೋದದ್ದು ಗದ್ದಲವೆನಿಸುತ್ತದೆ. ತನ್ನ ಪಾಡಿಗೆ ಮಣಿ ಪೋಣಿಸುತ್ತಿರುವ ಮಗುವನ್ನು ಕೂರಿಸಲು ತಾಳ ಬೇಕಿಲ್ಲ. ಎಲ್‌ಕೆಜಿಯ ಗಲಾಟೆಗೆ ನಾವು ಮಕ್ಕಳ ಸ್ವಭಾವವನ್ನು ದೂರುವಾಗ, ಮುಕ್ಕಾಲು ಪಾಲು ತಪ್ಪು ಬೆಂಚುಗಳ ಜೋಡಣೆಯಲ್ಲಿ ಇರುತ್ತದೆ. ನೀಲ್‌ಬಾಗಿನಲ್ಲಿ ಮಕ್ಕಳ ಸಂಖ್ಯೆ ಕಡಿಮೆ, ಹಾರ್ಸ್‌ಬರೊ ಅಂಥವರು ಊರಿಗೊಬ್ಬರು ಸಿಗುವುದಿಲ್ಲ ಎಂಬುದೆಲ್ಲ ನಿಜ. 1984ರಲ್ಲಿ ಅವರು ತೀರಿಕೊಂಡರು. ಅಲ್ಲಿ ತರಬೇತಾದ ರೋಹಿತ್ ಧನಕರ್ ಜೈಪುರದಲ್ಲಿ ದಿಗಂತರ್ ಕಟ್ಟಿದರು, ಮಾಲತಿಯವರು ಬೆಂಗಳೂರಿನ ಹೊರವಲಯದಲ್ಲಿ ವಿಕಾಸನ ನಡೆಸಿದರು. ಬೇರೆ ಬೇರೆ ವಯಸ್ಸಿನವರನ್ನು ಒಟ್ಟಿಗೆ ಕೂರಿಸಿ ಕಲಿಸುವ ವಿಚಾರ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳಲ್ಲಿ ಕಲಿಕೆಯ ಕಾರ್ಡುಗಳಾಗಿ ಬೆಳೆಯಿತು. ಅದನ್ನು ನೋಡಿಬಂದ ಮೈಸೂರು ಜಿಲ್ಲೆಯ ಮೇಷ್ಟ್ರುಗಳು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುಮಾಡಿದರು. ಅಲ್ಲಿಂದ ರಾಜ್ಯವೆಲ್ಲ ಹರಡಿ ಅದು ಶ್ರೀನಿವಾಸಪುರದ ಸರ್ಕಾರಿ ಶಾಲೆಗೂ ಬಂತು. ತಾಲ್ಲೂಕಿನ ಗಡಿಯಲ್ಲಿ ಮೊಳೆತದ್ದು ಮೈಸೂರು ಸುತ್ತಿ ತಾಲ್ಲೂಕು ಕೇಂದ್ರಕ್ಕೆ ಬಂದ ಈ ದಾರಿಯಲ್ಲಿ ಕಾನ್ವೆಂಟುಗಳು ಮಾತ್ರ ಎಲ್ಲೂ ಸಿಗಲಿಲ್ಲ.

ಕಾನ್ವೆಂಟಿನ ಮಿಸ್‌ಗೆ ನೀಲ್‌ಬಾಗಿನ ಕಥೆ ಹೇಳಿದರೆ, ನಲವತ್ತು ಮಕ್ಕಳಿದ್ದಾರೆ ಸಾರ್, ನಾನೊಬ್ಬಳು ಎನ್ನುತ್ತಾರೆ. ಅದೂ ಸರಿಯೇ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರಿರಬೇಕು ಎನ್ನುತ್ತದೆ. ಅಷ್ಟು ಜನರನ್ನು ನೇಮಿಸುವವರೆಗೆ ತಾಳವೇ ಗತಿ. ಹಾಗಾದರೆ ಅದನ್ನು ಚೆನ್ನಾಗಿ ಬಳಸುವುದು ಹೇಗೆ?

ದಿನದಲ್ಲಿ ತರಗತಿ ಕೈತಪ್ಪುವ ಹೊತ್ತುಗಳು ಕೆಲವೇ: ಬಂದು ಕೂರುವಾಗ, ಪುಸ್ತಕ ಎತ್ತಿಡುವಾಗ, ಕೈ ತೊಳೆಯಲು ಸಾಲು ನಿಲ್ಲುವಾಗ, ವ್ಯಾನಿನ ಹಾರನ್ ಕೇಳಿದಾಗ. ಈ ಒಂದೊಂದಕ್ಕೂ ಒಂದೊಂದು ಧಾಟಿ ಇರಬೇಕು, ಅದು ವರ್ಷವಿಡೀ ಬದಲಾಗಬಾರದು. ಆಗ ಪದ ತಿಳಿಯದ ಮಗುವಿಗೂ ಮೊದಲ ಎರಡು ಚಪ್ಪಾಳೆಗೇ ಮುಂದೇನು ಎಂದು ಗೊತ್ತಾಗುತ್ತದೆ. ಸಾಲುಗಳು ನಾಲ್ಕಕ್ಕೆ ಮೀರಬಾರದು, ಮಾಡುವ ಕೆಲಸವನ್ನೇ ಹೇಳಬೇಕು. 'ಬ್ಯಾಗ್ ಆನ್ ದ ಹುಕ್, ಬಾಟಲ್ ಆನ್ ದ ಶೆಲ್ಫ್' ಎಂದು ಎರಡು ತಾಳಕ್ಕೆ ಹೇಳುತ್ತ ಬ್ಯಾಗು ನೇತುಹಾಕಿದ ಮಗುವಿಗೆ ಎರಡು ವಾರದಲ್ಲಿ ನಾಲ್ಕು ಪದ ನಿಜವಾಗಿ ಬಂದಿರುತ್ತವೆ. ಗುಡ್ಡ ಹತ್ತಿ ಬಿದ್ದ ಜಾಕನ ಹಾಡಿನಿಂದ ಅಷ್ಟು ಬರುವುದಿಲ್ಲ. ಅದನ್ನು ಮೋಜಿಗೆ ಹಾಡಲಿ, ಯಾರೂ ಬೇಡವೆನ್ನುವುದಿಲ್ಲ. ಶುರುವಿನಲ್ಲಿ ಗಟ್ಟಿಯಾಗಿ ಹೇಳಿ ಸಾಲಿನಿಂದ ಸಾಲಿಗೆ ದನಿ ಇಳಿಸುತ್ತ ಕೊನೆಯದನ್ನು ಪಿಸುಗುಟ್ಟಿದರೆ, ಆ ಪಿಸುದನಿಯಲ್ಲೇ ಪಾಠ ಶುರುವಾಗಬಹುದು. ಬಹಳ ಮಿಸ್‌ಗಳು ಇಲ್ಲಿ ಎಡವುತ್ತಾರೆ: ಹಾಡು ಮುಗಿಯುತ್ತಲೇ 'ವೆರಿ ಗುಡ್' ಎಂದು ಮೇಲುದನಿಯಲ್ಲಿ ಕೂಗಿ, ಇಳಿಸಿದ್ದ ಗದ್ದಲವನ್ನು ತಾವೇ ಮತ್ತೆ ಎಬ್ಬಿಸುತ್ತಾರೆ.

ಪದಗಳು ಊರಿನವೇ ಆಗಿರಬೇಕು. ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಶ್ರೀನಿವಾಸಪುರ ಮಾವಿನ ವಾಸನೆ ಹೊಡೆಯುತ್ತಿರುತ್ತದೆ. ಮಂಡಿಯ ಮುಂದೆ ಕ್ರೇಟುಗಳು ಸಾಲುಗಟ್ಟಿರುತ್ತವೆ. ಎಣಿಕೆಯ ಹಾಡಿಗೆ ಮಾವಿಗಿಂತ ಒಳ್ಳೆಯದು ಸಿಗದು. ಕೋಲಾರದ ಮಗುವಿಗೆ ಟೊಮೆಟೊ ಇದೆ, ಮಾಲೂರಿನ ಮಗುವಿಗೆ ಹೆಂಚು ಇಟ್ಟಿಗೆ ಹೊತ್ತ ಲಾರಿ, ಮುಳಬಾಗಿಲಿನ ಮಗುವಿಗೆ ದೋಸೆ. ಒಂದು ಮಾವು, ಎರಡು ಮಾವು ಎಂದು ಇಂಗ್ಲಿಷಿನಲ್ಲಿ ಎಣಿಸುತ್ತ ಕಾಗದದ ಮಾವನ್ನು ಬುಟ್ಟಿಗೆ ಹಾಕುವಾಗ ಮಿಸ್ ಬೇಕೆಂದೇ ಟೊಮೆಟೊ ಎಂದರೆ, ನಗುವ ಮಕ್ಕಳಿಗೆ ಪದ ಬಂದಿದೆ, ನಗದವರಿಗೆ ಬಂದಿಲ್ಲ. ಒಕ್ಕೊರಲು ಬಚ್ಚಿಟ್ಟದ್ದನ್ನು ಹೊರತೆಗೆಯಲು ಇಷ್ಟು ಸಾಕು, ಟೆಸ್ಟು ಬೇಕಿಲ್ಲ. ಅಳುವ ಮಗುವನ್ನು ಸಂತೈಸುವುದು ಮಾತ್ರ ಅದರ ಮನೆಮಾತಿನಲ್ಲೇ ಆಗಬೇಕು. 'ದಾ ನಾಯನಾ' ಎಂದು ಕರೆದರೆ ಬರುವ ಮಗುವನ್ನು 'ಕಮ್ ಹಿಯರ್' ಎಂದು ಹೆದರಿಸುವುದರಲ್ಲಿ ಇಂಗ್ಲಿಷಿಗೆ ಆಗುವ ಲಾಭವೇನೂ ಇಲ್ಲ. ಗದ್ದಲವೇ ಆಗದ ಮಕ್ಕಳೂ ಇರುತ್ತಾರೆ. ಕಿವಿ ಮುಚ್ಚಿಕೊಂಡು ಮೂಲೆಗೆ ಸರಿಯುವ ಮಗುವಿಗೆ ಚಪ್ಪಾಳೆಯ ಹಾಡು ಹಿಂಸೆ. ಅದಕ್ಕೆ ಸನ್ನೆ ಸಾಕು.

ಕೆಟ್ಟ ಬಳಕೆಯೂ ಧಾರಾಳವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆ ಕಾಯ್ದೆಯ ಮಗು ಆರರಿಂದ ಹದಿನಾಲ್ಕರದು, ಎಲ್‌ಕೆಜಿಯದಲ್ಲ. ಆದರೂ ಅದರ ಭಯಕ್ಕೆ ಬೆತ್ತ ಕೆಳಗಿಳಿಯಿತು. ಇಳಿದ ಜಾಗಕ್ಕೆ 'ಫಿಂಗರ್ ಆನ್ ಯುವರ್ ಲಿಪ್ಸ್' ಬಂತು. ತುಟಿಯ ಮೇಲೆ ಬೆರಳಿಟ್ಟು ಕೂರುವುದನ್ನು ದಿನವಿಡೀ ತಾಳದಲ್ಲಿ ಹೇಳಿಸಿದರೆ ಅದು ಹಾಡಾಗುವುದಿಲ್ಲ, ರಾಗ ಹಚ್ಚಿದ ಗದರಿಕೆ. ಇಂಥ ತರಗತಿಯ ಮಗುವಿಗೆ ವರ್ಷದ ಕೊನೆಗೆ ನಿಲ್ಲು, ಕೂರು, ಸುಮ್ಮನಿರು ಎಂಬ ಇಂಗ್ಲಿಷ್ ಬಂದಿರುತ್ತದೆ. ನೀರು ಬೇಕು, ಒಂದಕ್ಕೆ ಹೋಗಬೇಕು ಎಂಬ ಇಂಗ್ಲಿಷ್ ಬಂದಿರುವುದಿಲ್ಲ. ಗೋಡೆಯ ಟಿವಿಗೆ ಯೂಟ್ಯೂಬ್ ರೈಮ್ಸ್ ಹಾಕಿ ಕೂರಿಸುವುದು ಇನ್ನೊಂದು. ಮಕ್ಕಳು ಸುಮ್ಮನಾಗುತ್ತಾರೆ, ಖಂಡಿತ. ಆದರೆ ಪರದೆಗೆ ಮಗುವಿನ ಮುಖ ಕಾಣುವುದಿಲ್ಲ. ಯಾರು ಹಿಂದೆ ಬಿದ್ದರು ಎಂದು ನೋಡಿ ಅದು ತಾಳ ನಿಧಾನ ಮಾಡುವುದಿಲ್ಲ. ವಾರ್ಷಿಕೋತ್ಸವದ ರೈಮ್ಸಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಅಪ್ಪ ಅಮ್ಮಂದಿರ ಹಬ್ಬ.

ಅಂಗನವಾಡಿಗಳ ಮಾತು ಬೇರೆ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದಾಗ ದೇಶದ 33 ಮೊದಲ ತಾಣಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಇಂದು ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ, ಅವುಗಳಿಗೆ 'ಚಿಲಿಪಿಲಿ' ಎಂಬ ಹಾಡು ಕಥೆಗಳ ಪಠ್ಯಕ್ರಮವಿದೆ. 2024ರಲ್ಲಿ ಸರ್ಕಾರಿ ಶಾಲೆಗಳಿಗೆ ಎಲ್‌ಕೆಜಿ ಬಂದರೆ ತಮ್ಮ ಅಂಗನವಾಡಿಗಳು ಖಾಲಿಯಾಗುತ್ತವೆಂದು ಕಾರ್ಯಕರ್ತೆಯರು ಬೀದಿಗಿಳಿದರು. ಅಂಗನವಾಡಿಯಲ್ಲೇ ಎಲ್‌ಕೆಜಿ ಮಾಡುವ ಮಾತು ಆಗ ಬಂತು. ಮಾಡಲಿ. ಅಂಗನವಾಡಿ ಟೀಚರ್ ಅದೇ ಊರಿನವಳು. ಮಗುವಿನ ಮನೆಮಾತೂ ಅವಳದೇ, ಮನೆಯ ಹಾಡೂ ಅವಳಿಗೆ ಗೊತ್ತು. ಕಾನ್ವೆಂಟಿನ ಮಿಸ್ ದುಡ್ಡು ಕೊಟ್ಟರೂ ತರಲಾರದ ಬಂಡವಾಳ ಅದು. ಎಂಟು ವರ್ಷದವರೆಗೆ ಮನೆಮಾತೇ ಬುನಾದಿಯಾಗಬೇಕು ಎಂದು 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೇಳುತ್ತದೆ. ಎಲ್‌ಕೆಜಿ ಎಂಬ ಫಲಕ ಬಿದ್ದ ಮರುದಿನವೇ ಅವಳು ಆ ಹಾಡುಗಳನ್ನು ಬಿಟ್ಟು ಮೊಬೈಲಿನಲ್ಲಿ ಇಂಗ್ಲಿಷ್ ರೈಮ್ ಹುಡುಕತೊಡಗಿದರೆ ಮಕ್ಕಳಿಗೆ ಎರಡೂ ತಪ್ಪಿಹೋಗುತ್ತವೆ. ಅವಳ ಮೇಲೆ ಮೊಟ್ಟೆಯ ಲೆಕ್ಕ, ತೂಕದ ಲೆಕ್ಕ, ಆ್ಯಪಿನ ಲೆಕ್ಕ ಎಲ್ಲ ಹೇರಿರುವಾಗ, ಹೊಸ ಹಾಡನ್ನು ಯಾರು ಯಾವಾಗ ಕಲಿಸುತ್ತಾರೆ ಎಂಬುದು ತರಬೇತಿ ಕೊಡುವವರು ಉತ್ತರಿಸಬೇಕಾದ ಪ್ರಶ್ನೆ.

ಕಾನ್ವೆಂಟುಗಳಲ್ಲಿ ಆ ಪ್ರಶ್ನೆಯನ್ನೂ ಯಾರೂ ಕೇಳುವುದಿಲ್ಲ. ಪಿಯುಸಿ ಮುಗಿಸಿ ಮದುವೆಗೆ ಮುಂಚೆ ಒಂದೆರಡು ವರ್ಷ ಪಾಠ ಮಾಡುವ ಹುಡುಗಿಯರೇ ಎಷ್ಟೋ ಕಡೆ ಎಲ್‌ಕೆಜಿ ನಡೆಸುತ್ತಿದ್ದಾರೆ. ತರಬೇತಿ ಇಲ್ಲ, ಸಂಬಳ ಅಷ್ಟಕ್ಕಷ್ಟೇ, ಡಿಸೆಂಬರಿಗೆ ಗಂಟಲು ಕಟ್ಟಿರುತ್ತದೆ. ಅವರಿಗೆ ತಾಳದ ಹಾಡು ಮೊದಲು ಗಂಟಲು ಉಳಿಸುವ ಉಪಾಯ, ಆಮೇಲೆ ಉಳಿದದ್ದು. ಅವರು ದಸರಾ ರಜೆ ಮುಗಿದ ಮೇಲೆ ಒಂದು ವಾರ ತಮ್ಮ ಹಾಡುಗಳನ್ನು ತಾವೇ ಪರೀಕ್ಷಿಸಬಹುದು. ಬ್ಯಾಗು ನೇತುಹಾಕುವ ಹಾಡನ್ನು ಒಂದು ದಿನ ಬಿಟ್ಟು ನೋಡುವುದು. ಹಾಡಿಲ್ಲದೆಯೂ ಬ್ಯಾಗುಗಳು ಕೊಕ್ಕೆಗೆ ಹೋದರೆ ಆ ಹಾಡಿನ ಕೆಲಸ ಮುಗಿಯಿತು, ಅದನ್ನು ಕೈಬಿಟ್ಟು ಆ ಎರಡು ನಿಮಿಷದಲ್ಲಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಬಹುದು. ಬ್ಯಾಗುಗಳು ನೆಲದ ಮೇಲೇ ಬಿದ್ದಿದ್ದರೆ, ಮಕ್ಕಳು ಇಷ್ಟು ದಿನ ಹಾಡಿದ್ದಾರೆ, ಬ್ಯಾಗು ಎತ್ತಿಟ್ಟವರು ಆಯಾ.